ಬೇವಿನ ಸೊಪ್ಪು, ಕಿಂದರಿಜೋಗಿ

ಚಿಕನ್ ಪಾಕ್ಸ್‌ನಲ್ಲಿ ಜ್ವರಕ್ಕಿಂತ ಕಷ್ಟ ಕೊಡುವುದು ತುರಿಕೆ. ಜ್ವರ ಹೇಗೋ ಇಳಿಯುತ್ತದೆ. ಗುಳ್ಳೆ ಒಣಗಿ ಹಕ್ಕಳೆ ಕಟ್ಟುವ ತನಕ ಮಾತ್ರ ಮಗುವಿನ ಕೈ ಕಾಯುತ್ತಾ ಕೂರಬೇಕು. ಕೆರೆದರೆ ಕೀವಾಗುತ್ತದೆ, ಕಲೆ ಉಳಿಯುತ್ತದೆ.

ಆಗ ನಾವು ಶಿವಮೊಗ್ಗದ ವಿದ್ಯಾನಗರದಲ್ಲಿದ್ದೆವು. ಮಾರ್ಚ್ ತಿಂಗಳು. ಮೊದಲು ನಾಲ್ಕನೇ ಕ್ಲಾಸಿನ ಮಗಳಿಗೆ ಬಂತು. ಅವಳು ಹುಷಾರಾಗಿ ಸ್ಕೂಲಿಗೆ ಹೊರಟ ಹೊತ್ತಿಗೆ ಒಂದನೇ ಕ್ಲಾಸಿನ ಮಗನ ಹೊಟ್ಟೆಯ ಮೇಲೆ ಕೆಂಪು ಗುಳ್ಳೆ. ಈ ಕಾಯಿಲೆ ಹೀಗೇ. ಒಬ್ಬರಿಂದ ಅಂಟಿ ಇನ್ನೊಬ್ಬರ ಮೈಮೇಲೆ ಕಾಣಿಸಿಕೊಳ್ಳಲು ಸುಮಾರು ಎರಡು ವಾರ ಬೇಕು. ಅತ್ತೆ ಬಾಗಿಲಿಗೆ ಮತ್ತೆ ಬೇವಿನ ಸೊಪ್ಪು ಸಿಕ್ಕಿಸಿದರು. ಅಮ್ಮ ಎದ್ದಿದೆ ಎಂದು ಅಡುಗೆಗೆ ಒಗ್ಗರಣೆ ನಿಲ್ಲಿಸಿದರು. ಡಾಕ್ಟರು ಬರೆದುಕೊಟ್ಟ ಕ್ಯಾಲಮೈನ್ ಲೋಷನ್ನೂ ಇತ್ತು, ಚಾಪೆಯ ಪಕ್ಕ ಬೇವಿನ ಕಡ್ಡಿಯೂ ಇತ್ತು. ಎರಡರಿಂದಲೂ ಅರ್ಧ ಗಂಟೆಯ ಸಮಾಧಾನ. ಆಮೇಲೆ ಮತ್ತೆ ಕೈ ಬೆನ್ನಿಗೆ ಹೋಗುತ್ತಿತ್ತು.

ಹಾಗೆ ಶುರುವಾಯಿತು ನಮ್ಮ ಓದು. ಅವನ ಎರಡು ಕೈಗೂ ಪುಸ್ತಕ ಕೊಟ್ಟೆ. ಅವನು ಹಿಡಿದುಕೊಂಡಿರಬೇಕು, ನಾನು ಓದಬೇಕು. ಕೈ ಪುಸ್ತಕ ಬಿಟ್ಟರೆ ಓದು ನಿಲ್ಲುತ್ತದೆ. ಇಷ್ಟೇ ಒಪ್ಪಂದ.

ಮನೆಯಲ್ಲಿದ್ದ ಮಕ್ಕಳ ಪುಸ್ತಕಗಳೆಲ್ಲ ಬೇಗ ಮುಗಿದುಹೋದವು. ಉಳಿದದ್ದು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಕೊಳಲೂದಿ ಊರಿನ ಇಲಿಗಳನ್ನೆಲ್ಲ ನದಿಗೆ ಬೀಳಿಸಿದವನ ಕಥೆ ಅದು, ಮೂಲ ಜರ್ಮನಿಯ ಹ್ಯಾಮೆಲಿನ್ ಊರಿನದು. ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪದ್ಯವಾಗಿ ಪ್ರಕಟಿಸಿದ. ಅಲ್ಲಿ ಇಲಿಗಳು ಬೀಳುವುದು ವೇಸರ್ ನದಿಗೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಅವನ್ನು ತುಂಗೆಗೆ ಬೀಳಿಸಿದರು. ಪೇಟೆಯ ಮೇಯರ್ ಇಲ್ಲಿ ಹಳ್ಳಿಯ ಗೌಡ ಆದ, ಕೊಳಲಿನವನು ಕಿಂದರಿ ನುಡಿಸುವ ಜೋಗಿ ಆದ. ತುಂಗೆಯ ನೀರು ಕುಡಿದು ಬೆಳೆಯುವ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಕಥೆ ಯಾವುದಿದೆ ಹೇಳಿ!

ಆ ಶನಿವಾರ ಮಗಳಿಗೆ ಅರ್ಧ ದಿನ ಸ್ಕೂಲು. ಊಟ ಮಾಡಿ ಅವಳೂ ಚಾಪೆಗೆ ಬಂದಳು. ಇಲಿಗಳು ಸಾಲಾಗಿ ಹೊರಡುವ ಜಾಗ ಬಂತು. ಆ ಸಾಲುಗಳನ್ನು ನಿಧಾನವಾಗಿ ಓದೋಕೆ ಆಗುವುದೇ ಇಲ್ಲ. ಅಣ್ಣಿಲಿ, ತಮ್ಮಿಲಿ ಎನ್ನುವಾಗ ನಾಲಿಗೆ ತಾನಾಗಿ ಓಡುತ್ತದೆ. ಅಡುಗೆಮನೆಯಿಂದ ಅತ್ತೆಯ ದನಿ ಬಂತು. ನಾನು ಓದುತ್ತಿದ್ದುದಕ್ಕಿಂತ ಒಂದು ಸಾಲು ಮುಂದೆ! ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದಂತೆ. ಕೈಯಲ್ಲಿ ಸೌಟು ಹಿಡಿದೇ ಬಾಗಿಲಿಗೆ ಬಂದು, ಕಾಲಲ್ಲಿ ತಾಳ ಹಾಕುತ್ತಾ, ಪುಸ್ತಕದ ಕಡೆ ನೋಡದೆ ಹೇಳುತ್ತಾ ಹೋದರು. ಅಜ್ಜಿಗೆ ಪದ್ಯ ಬರುತ್ತದೆ ಎಂದು ಮಕ್ಕಳಿಗೆ ಗೊತ್ತೇ ಇರಲಿಲ್ಲ. ಮಗ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

"ಅಜ್ಜೀ, ನೀನು ಇದನ್ನ ಯಾಕೆ ನಮಗೆ ಹೇಳೇ ಇಲ್ಲ?"

"ನೀವು ಕೇಳಿದ್ರಾ?" ಎಂದರು ಅತ್ತೆ.

ಆಮೇಲೆ ಮೂವರೂ ಸೇರಿ ಹೊಸ ಇಲಿಗಳನ್ನು ಹುಟ್ಟಿಸಿದರು. ಟೀಚರಿಲಿ, ಡಾಕ್ಟರಿಲಿ, ಕಂಡಕ್ಟರಿಲಿ. ಮಗ ತನ್ನ ಲೋಷನ್ ಬಳಿದ ಹೊಟ್ಟೆ ತೋರಿಸಿ ‘ಗುಳ್ಳಿಲಿ’ ಎಂದ. ಕಥೆ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ಹೋಗಬೇಕಾಗಿಯೂ ಇರಲಿಲ್ಲ. ಅಷ್ಟು ಹೊತ್ತು ಒಂದು ಕೈಯೂ ಗುಳ್ಳೆಯ ಹತ್ತಿರ ಹೋಗಿರಲಿಲ್ಲ.

ಓದಿ ಹೇಳುವಾಗ ಮಕ್ಕಳು ಮಧ್ಯೆ ಬಾಯಿ ಹಾಕಿದರೆ ತುಂಬಾ ಜನ ದೊಡ್ಡವರು ತಡೆಯುತ್ತಾರೆ. ‘ಸುಮ್ನೆ ಕೇಳು’ ಅನ್ನುತ್ತಾರೆ. ಕೊನೆಗೆ ‘ಇದರ ನೀತಿ ಏನು?’ ಎಂದು ಕೇಳುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಮಗು ತಾನೇ ಓದುವಾಗ ಪುಸ್ತಕ ಅದಕ್ಕೆ ಉತ್ತರ ಕೊಡುವುದಿಲ್ಲ. ನಾವು ಓದಿ ಹೇಳುವಾಗ ನಿಲ್ಲಿಸಬಹುದು, ಜಗಳ ಆಡಬಹುದು, ಹಿಂದಕ್ಕೆ ಹೋಗಬಹುದು. ಪಕ್ಕದಲ್ಲಿ ಒಂದು ಜೀವ ಕೂತು ಓದುವುದರ ಸುಖ ಇರುವುದೇ ಅದರಲ್ಲಿ, ಅಲ್ವಾ? ನೀತಿ ಬೇಕಾದಾಗ ಅವರೇ ಹುಡುಕಿಕೊಳ್ಳುತ್ತಾರೆ.

ಮಗ ಹುಡುಕಿಕೊಂಡದ್ದು ನಾನು ಎಣಿಸಿರದ ಜಾಗದಲ್ಲಿ. ಗೌಡ ಮಾತಿಗೆ ತಪ್ಪಿ ಹಣ ಕೊಡದೆ ಹೋದಾಗ ಮಗಳು ಸಿಟ್ಟಾದಳು. ಮಗನಿಗೆ ಗೌಡ ಮುಖ್ಯ ಆಗಲಿಲ್ಲ. ಜೋಗಿ ಮತ್ತೆ ಕಿಂದರಿ ನುಡಿಸುತ್ತಾನೆ, ಊರಿನ ಮಕ್ಕಳೆಲ್ಲ ಅವನ ಹಿಂದೆ ಹೊರಡುತ್ತಾರೆ, ಬೆಟ್ಟ ಬಾಯಿ ತೆರೆಯುತ್ತದೆ. ಕುಂಟ ಹುಡುಗ ಒಬ್ಬ ಮಾತ್ರ ಹಿಂದೆ ಉಳಿಯುತ್ತಾನೆ. ಅಲ್ಲಿ ಮಗ ಪುಸ್ತಕ ಮುಚ್ಚಿಬಿಟ್ಟ.

"ಅವನಿಗೋಸ್ಕರ ಯಾರೂ ನಿಲ್ಲಲಿಲ್ವಾ?"

ಹೊರಗೆ ರಸ್ತೆಯಲ್ಲಿ ಅವನ ಗೆಳೆಯರು ಟೆನಿಸ್ ಬಾಲಿನಲ್ಲಿ ಕ್ರಿಕೆಟ್ ಆಡುತ್ತಿದ್ದರು. ಔಟು, ನಾಟೌಟು ಎಂದು ಕೂಗಾಟ. ಹತ್ತು ದಿನದಿಂದ ಅವನು ಕಿಟಕಿಯ ಈಚೆ ಕೂತು ಅದನ್ನೇ ಕೇಳುತ್ತಿದ್ದ. ನನಗೆ ಥಟ್ಟನೆ ಗೊತ್ತಾಯಿತು ಅವನು ಯಾರ ಬಗ್ಗೆ ಕೇಳುತ್ತಿದ್ದಾನೆ ಎಂದು. ಹತ್ತಿರ ಎಳೆದುಕೊಂಡೆ. "ನಿಲ್ಲಬೇಕಿತ್ತು ಮಗಾ" ಎಂದೆ. ಅವನು ಪುಸ್ತಕ ಮತ್ತೆ ತೆರೆದು ಅದೇ ಜಾಗ ತೋರಿಸಿದ. ಇನ್ನೊಮ್ಮೆ ಓದಿಸಿಕೊಂಡ, ಮತ್ತೊಮ್ಮೆ ಓದಿಸಿಕೊಂಡ. ಅಂದಿನಿಂದ ಕಥೆ ಯಾವತ್ತೂ ಅಲ್ಲಿಗೆ ಬಂದು ನಿಲ್ಲುತ್ತಿತ್ತು. ಕುಂಟ ಹುಡುಗ ಆಮೇಲೆ ಯಾರ ಜೊತೆ ಆಡಿದ, ಏನು ತಿಂದ, ಅಪ್ಪ ಅಮ್ಮಂದಿರೆಲ್ಲ ಅವನನ್ನು ಹೇಗೆ ನೋಡಿಕೊಂಡರು ಎಂದು ಅಕ್ಕ ತಮ್ಮ ಮಾತಾಡಿಕೊಳ್ಳುತ್ತಿದ್ದರು. ಊರಿಗೆಲ್ಲ ಒಬ್ಬನೇ ಮಗು ಅಂದಮೇಲೆ ಎಲ್ಲರ ಮನೆಯಲ್ಲೂ ಅವನಿಗೇ ಹೋಳಿಗೆ ಎಂದು ಮಗಳು ತೀರ್ಮಾನ ಮಾಡಿದ್ದಳು. ಮಗ ಒಪ್ಪಿರಲಿಲ್ಲ.

ಹಕ್ಕಳೆ ಉದುರಿ, ಬೇವಿನ ನೀರಿನ ಸ್ನಾನ ಆದ ಮೇಲೆ ಇಬ್ಬರದೂ ಒಂದೇ ಹಟ. ಬೊಮ್ಮನಹಳ್ಳಿ ನೋಡಬೇಕು. ತುಂಗೆಯ ಬಲಗಡೆ ಎಂದು ಪದ್ಯದ ಶುರುವಿನಲ್ಲೇ ಇದೆಯಲ್ಲ! ಸಂಜೆ ಬಿಸಿಲು ಇಳಿದ ಮೇಲೆ ಹಳೆ ಸೇತುವೆಗೆ ಕರೆದುಕೊಂಡು ಹೋದೆ. ನಡುವೆ ನಿಂತ ಕೂಡಲೇ ಜಗಳ ಹುಟ್ಟಿತು. ಹೀಗೆ ನಿಂತರೆ ಇದು ಬಲ, ತಿರುಗಿದರೆ ಅದು ಬಲ. ನೀರು ಹರಿದು ಹೋಗುವ ಕಡೆಗೆ ಮುಖ ಮಾಡಿ ನಿಲ್ಲಬೇಕು, ಆಗ ಬಲಗೈ ಕಡೆಯದು ಬಲದಂಡೆ ಎಂದೆ. ಕೂಡ್ಲಿಯಲ್ಲಿ ಭದ್ರೆಯನ್ನು ಸೇರಲು ಹೊರಟ ನೀರಿನ ಕಡೆಗೆ ಇಬ್ಬರೂ ತಿರುಗಿ ನಿಂತರು. ಎಡಕ್ಕೆ ಪೇಟೆ. ಬಲಕ್ಕೆ ನಮ್ಮ ವಿದ್ಯಾನಗರ.

"ಅಮ್ಮಾ! ನಮ್ಮನೆ ಕಡೆನೇ!" ಮಗಳು ಕುಣಿದುಬಿಟ್ಟಳು.

ಮಗ ಕೆಳಗೆ ನೋಡುತ್ತಿದ್ದ. ಬೇಸಿಗೆಯ ತುಂಗೆ. ಬಂಡೆಗಳೆಲ್ಲ ಮೇಲೆ ಎದ್ದಿದ್ದವು, ಮಧ್ಯೆ ಮಧ್ಯೆ ತೆಳ್ಳಗೆ ನೀರು.

"ಇಷ್ಟು ನೀರಲ್ಲಿ ಇಲಿ ಮುಳುಗುತ್ತಾ?"

ದಂಡೆಯ ಮೇಲಿದ್ದ ಕೋರ್ಪಲಯ್ಯನ ಛತ್ರದ ಮಂಟಪ ತೋರಿಸಿದೆ. ಮಳೆ ಜೋರಾದ ವರ್ಷ ಅದೂ ಮುಳುಗುತ್ತದೆ, ನೋಡಲು ಊರಿಗೆ ಊರೇ ಬರುತ್ತದೆ ಎಂದೆ.

"ಹಾಗಾದ್ರೆ ಜೋಗಿ ಬಂದಿದ್ದು ಮಳೆಗಾಲದಲ್ಲಿ" ಎಂದಳು ಮಗಳು.

ಮಗ ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಅವನ ಮುಖ ಅರಳಿತು.

"ಅದಕ್ಕೇ ಅಮ್ಮ! ರಸ್ತೆ ತುಂಬಾ ಕೆಸರು. ಅವನು ಹಿಂದೆ ಇದ್ದಿದ್ದು ಯಾರಿಗೂ ಗೊತ್ತೇ ಆಗಿಲ್ಲ. ಗೊತ್ತಾಗಿದ್ರೆ ನಿಲ್ತಿದ್ರು."