ಅಮ್ಮನ ಕೋಣೆಯ ರೇಡಿಯೇಟರ್

ಅಮ್ಮ ಹಾಸನದಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಬಂದಿದ್ದು ಜನವರಿಯಲ್ಲಿ. ಮೊದಲ ಬೆಳಗ್ಗೆ ಕಾಫಿ ತಗೊಂಡು ಮಹಡಿಗೆ ಹೋದರೆ, ಎರಡು ಸ್ವೆಟರ್ ಹಾಕಿಕೊಂಡು, ಕಿವಿಗೆ ಮಫ್ಲರ್ ಸುತ್ತಿಕೊಂಡು ಮಂಚದ ಮೇಲೆ ಮುದುಡಿ ಕೂತಿದ್ದಳು.

"ಚಳಿ ಆಯ್ತೇನಮ್ಮ?"

"ಇಲ್ಲಪ್ಪ, ಅಭ್ಯಾಸ ಆಗುತ್ತೆ."

ಒಳಗೆ ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ಗೋಡೆಯ ರೇಡಿಯೇಟರ್ ಮುಟ್ಟಿದೆ. ಕೈ ಕೊರೆಯುವಷ್ಟು ತಣ್ಣಗಿತ್ತು. ಹೊಟ್ಟೆ ಕಿವುಚಿದಂತಾಯಿತು. ರಾತ್ರಿಯೆಲ್ಲ ಹೀಗೇ ಮಲಗಿದ್ದಳಲ್ಲ!

ಮನೆಯಲ್ಲಿ ಏಳು ರೇಡಿಯೇಟರ್ ಇವೆ. ಉಳಿದ ಆರೂ ಬಿಸಿಯಾಗಿದ್ದವು. ಅಂದರೆ ನೀರು ಕಾಯಿಸುವ ಬಾಯ್ಲರ್ ಸರಿ ಇದೆ. ಒಳಗೆ ಗಾಳಿ ತುಂಬಿರಬೇಕು ಅಂದುಕೊಂಡೆ. ಹೀಟಿಂಗ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು, ಮೇಲಿನ ಮೂಲೆಯ ತಿರುಪನ್ನು ಪುಟ್ಟ ಕೀಯಿಂದ ಕಾಲು ಸುತ್ತು ತಿರುಗಿಸಿದೆ. ಗಾಳಿ ಇದ್ದರೆ ಬುಸ್ಸೆನ್ನಬೇಕು. ಇಲ್ಲಿ ಸೀದಾ ನೀರೇ ಜಿನುಗಿತು. ತಕ್ಷಣ ಮುಚ್ಚಿದೆ.

ಮತ್ತೆ ಹೀಟಿಂಗ್ ಹಾಕಿದಾಗ ಅಮ್ಮ ಎದ್ದು ಬಂದಳು. ನಲವತ್ತು ವರ್ಷ ಬಚ್ಚಲ ಹಂಡೆಗೆ ಉರಿ ಹಾಕಿದ ಕೈ ಅದು. ಅಂಗೈಯನ್ನು ಮೇಲಿಂದ ಕೆಳಗೆ ನಿಧಾನವಾಗಿ ಸವರಿದಳು. ಆಮೇಲೆ ಬಗ್ಗಿ ಪೈಪು ಮುಟ್ಟಿದಳು. "ಮೇಲೂ ಕೆಳಗೂ ಒಂದೇ ಥರ ತಣ್ಣಗಿದೆ. ಪೈಪು ಮಾತ್ರ ಸುಡ್ತಾ ಇದೆ. ನೀರು ಬಾಗಿಲ ತನಕ ಬಂದು ನಿಂತಿದೆ ಕಣೋ."

ಹೌದಲ್ವಾ! ಮೇಲೆ ಮಾತ್ರ ತಣ್ಣಗಿದ್ದರೆ ಗಾಳಿ. ಕೆಳಗೆ, ನಡುವಲ್ಲಿ ತಣ್ಣಗಿದ್ದರೆ ತುಕ್ಕಿನ ಕಪ್ಪು ಕೆಸರು. ಪೈಪು ಬಿಸಿ ಇದ್ದು ಒಳಗೆಲ್ಲ ತಣ್ಣಗಿದ್ದರೆ ಮೊದಲು ನೀರನ್ನು ಒಳಗೆ ಬಿಡುವ ವಾಲ್ವ್ ನೋಡಬೇಕು. ಬೇಸಿಗೆಯಿಡೀ ಆ ಕೋಣೆ ಖಾಲಿ ಇತ್ತು, ವಾಲ್ವನ್ನು ಪೂರ್ತಿ ಮುಚ್ಚಿಟ್ಟಿದ್ದೆ.

ಅಂಕಿಗಳಿರುವ ಅದರ ಪ್ಲಾಸ್ಟಿಕ್ ತಲೆಯ ಬಳೆ ಸಡಿಲಿಸಿ ಬಿಚ್ಚಿದೆ. ನಡುವೆ ಒಂದು ಸಣ್ಣ ಪಿನ್ ಇರುತ್ತದೆ. ತಲೆ ತೆಗೆದರೆ ಒಳಗಿನ ಸ್ಪ್ರಿಂಗ್ ಅದನ್ನು ಕೆಲವು ಮಿಲಿಮೀಟರ್ ಮೇಲಕ್ಕೆ ತಳ್ಳಬೇಕು. ನಮ್ಮದು ಕೆಳಗೇ ಕಚ್ಚಿಕೊಂಡು ನೀರಿನ ದಾರಿ ಮುಚ್ಚಿತ್ತು. ಇಕ್ಕಳ ಹಾಕಿ ಜಗ್ಗಬಾರದು, ಪಿನ್ ಕಿತ್ತು ಬಂದರೆ ನೀರು ಚಿಮ್ಮುತ್ತದೆ. ಬುಡಕ್ಕೆ ಒಂದು ಹನಿ ಎಣ್ಣೆ ಬಿಟ್ಟೆ. ಅಮ್ಮ ಅಡುಗೆಮನೆಯಿಂದ ಲಟ್ಟಣಿಗೆ ತಂದುಕೊಟ್ಟಳು. ಅದರ ಹಿಡಿಯಿಂದ ವಾಲ್ವಿನ ಪಕ್ಕಕ್ಕೆ ಮೆಲ್ಲಗೆ ತಟ್ಟಿದೆ, ಪಿನ್ನನ್ನು ಒಂಚೂರು ಒತ್ತಿ ಬಿಟ್ಟೆ. ಮತ್ತೆ ತಟ್ಟಿದೆ. ಹತ್ತು ನಿಮಿಷ ಹೀಗೇ. ಕೊನೆಗೆ ಟಕ್ಕಂತ ಮೇಲೆದ್ದಿತು. ಒಳಗೆ ನೀರು ಸರಸರ ಹರಿಯುವ ಸದ್ದು. ಅಮ್ಮ ಅಂಗೈ ಇಟ್ಟೇ ಇದ್ದಳು. "ಬಂತು ಬಂತು!"

ಕೆಳಗೆ ಬಂದು ನೋಡಿದರೆ ಬಾಯ್ಲರಿನಲ್ಲಿ ನೀರಿನ ಒತ್ತಡ ತೋರಿಸುವ ಮುಳ್ಳು 0.8 ಬಾರ್‌ಗೆ ಇಳಿದಿತ್ತು. ಬಾಯ್ಲರ್ ಆರಿಸಿ, ತಣ್ಣಗಾದ ಮೇಲೆ ಕೆಳಗಿನ ನಲ್ಲಿ ತಿರುಗಿಸಿ ನೀರು ತುಂಬಿದೆ. 1.2ಕ್ಕೆ ನಿಲ್ಲಿಸಿದೆ. ಇಷ್ಟು ನಾವೇ ಮಾಡಬಹುದು. ಬಾಯ್ಲರ್ ಬಿಚ್ಚುವುದು ಮಾತ್ರ ಗ್ಯಾಸ್ ಸೇಫ್, ಅಂದರೆ ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿಯಲ್ಲಿ, ನೋಂದಣಿ ಇರುವವರ ಕೆಲಸ. ಇಂಗ್ಲೆಂಡಿನಲ್ಲಿ ಅದು ಕಾನೂನು. ನನಗೂ ಗ್ಯಾಸ್ ಜೊತೆ ಸುಮ್ನೆ ಆಟ ಬೇಡ.

ಈಗ ಬೇಸಿಗೆಯಲ್ಲಿ ಆ ವಾಲ್ವನ್ನು ಪೂರ್ತಿ ತೆರೆದೇ ಇಡುತ್ತೇನೆ, ಪಿನ್ ಮೇಲೆದ್ದೇ ಇರಲಿ ಅಂತ. ಅಮ್ಮ ಮುಂದಿನ ಡಿಸೆಂಬರಿಗೆ ಬರುತ್ತಾಳೆ. ನವೆಂಬರಿನಲ್ಲೇ ಹೀಟಿಂಗ್ ಹಾಕಿ, ಆ ರೇಡಿಯೇಟರನ್ನು ಮೇಲಿಂದ ಕೆಳಗೆ ಸವರಿ ನೋಡಬೇಕು.