ಗೊಥೆನ್‌ಬರ್ಗ್‌ನಲ್ಲಿ ಒಂದು ಪುರುಸೊತ್ತಿನ ಶನಿವಾರ

"ಅಕ್ಕ, ಇಲ್ಲಿ ನೋಡೋಕೆ ಅಂಥಾದ್ದೇನೂ ಇಲ್ಲ. ಅರಮನೆ ಗಿರಮನೆ ಬೇಕಿದ್ರೆ ಸ್ಟಾಕ್‌ಹೋಮ್‌ಗೇ ಹೋಗ್ಬೇಕು" ಎಂದು ತಂಗಿ ಮೊದಲೇ ಹೇಳಿದ್ದಳು. ಗೊಥೆನ್‌ಬರ್ಗ್ ಸ್ವೀಡನ್ನಿನ ಎರಡನೇ ದೊಡ್ಡ ಊರು. 1927ರಲ್ಲಿ ಮೊದಲ ವೋಲ್ವೋ ಕಾರು ಹೊರಬಂದದ್ದು ಇಲ್ಲಿಂದಲೇ. ಈಗಲೂ ಇದು ವಾಹನಗಳ ಊರೇ. ಹಾಗಾಗಿ ಬೆಂಗಳೂರು ಬಿಟ್ಟು ಬಂದ ಎಂಜಿನಿಯರುಗಳು ಇಲ್ಲಿ ಸಾಕಷ್ಟು ಮಂದಿ ಸಿಗುತ್ತಾರೆ. ತಂಗಿಯ ಗಂಡನೂ ಅವರಲ್ಲೊಬ್ಬ.

ನೋಡಲೇಬೇಕಾದ್ದು ಏನೂ ಇಲ್ಲ ಅನ್ನೋ ಮಾತೇ ನನಗೆ ಹಿಡಿಸಿತು. ಪಟ್ಟಿ ಹಿಡಿದುಕೊಂಡು ಓಡುವ ಪ್ರವಾಸ ನನಗೆ ಆಗಿಬರುವುದಿಲ್ಲ. ಅದೂ ಜೂನ್ ತಿಂಗಳ ಶನಿವಾರ. ರಾತ್ರಿ ಹತ್ತು ಗಂಟೆಗೂ ಬೆಳಕಿರುತ್ತದೆ. ಅವಸರ ಯಾಕೆ?

ಬೆಳಿಗ್ಗೆ ಟ್ರಾಮ್ ಹತ್ತಿ ಹಾಗಾ ಎಂಬ ಹಳೇ ಬಡಾವಣೆಗೆ ಹೋದೆವು. ಕಲ್ಲು ಹಾಸಿದ ಬೀದಿ, ಎರಡೂ ಕಡೆ ಮೂರಂತಸ್ತಿನ ಮನೆಗಳು. ಸ್ವಲ್ಪ ಗಮನಿಸಿದರೆ ಒಂದು ತಮಾಷೆ ಕಾಣುತ್ತದೆ. ಕೆಳಗಿನ ಅಂತಸ್ತು ಕಲ್ಲಿನದು, ಮೇಲಿನೆರಡು ಮರದವು. ಬೆಂಕಿಯ ಭಯಕ್ಕೆ ಮರದ ಮನೆಯನ್ನು ಎರಡಂತಸ್ತಿಗಿಂತ ಎತ್ತರ ಕಟ್ಟಬಾರದು ಎಂಬ ನಿಯಮ ಇತ್ತಂತೆ. ಹತ್ತೊಂಬತ್ತನೇ ಶತಮಾನದಲ್ಲಿ ಊರಿಗೆ ಕಾರ್ಮಿಕರು ಬಂದು ತುಂಬತೊಡಗಿದಾಗ ಮನೆ ಸಾಲದಾಯಿತು. ಕೆಳಗೊಂದು ಕಲ್ಲಿನ ಅಂತಸ್ತು ಕಟ್ಟಿ, ಅದರ ಮೇಲೆ ಮರದ ಎರಡಂತಸ್ತು ಏರಿಸಿದರು. ನಿಯಮವೂ ಉಳಿಯಿತು, ಮನೆಯೂ ಆಯಿತು. ನಮ್ಮ ಕಡೆಯ ಮೇಸ್ತ್ರಿಗಳಿಗೂ ಈ ಬುದ್ಧಿ ಹೊಸದೇನಲ್ಲ ಬಿಡಿ. ಐವತ್ತು ಅರವತ್ತು ವರ್ಷದ ಹಿಂದೆ ಇವನ್ನೆಲ್ಲ ಕೆಡವುವ ಯೋಜನೆ ಇತ್ತು. ಕೆಲವು ಹೋದವು. ಜನ ಗಲಾಟೆ ಮಾಡಿ ಉಳಿದವನ್ನು ಉಳಿಸಿಕೊಂಡರು. ಈಗ ಅದೇ ಮನೆಗಳ ಕೆಳಗೆ ಕೆಫೆಗಳು.

ಹಾಗಾಕ್ಕೆ ಹೋದವರು ಅಲ್ಲಿನ ದಾಲ್ಚಿನ್ನಿ ಬನ್ ತಿನ್ನಲೇಬೇಕು. ಗಾತ್ರ ಊಟದ ತಟ್ಟೆಯಷ್ಟು! ಗಾಜಿನ ಕಪಾಟಿನಲ್ಲಿ ನೋಡಿದಾಗ ಪ್ರದರ್ಶನಕ್ಕೆ ಇಟ್ಟದ್ದು ಅಂದುಕೊಂಡೆ. ಇಬ್ಬರಿಗೆ ಒಂದು ಸಾಕು ಎಂದಳು ತಂಗಿ. ಸಾಕಾಗಿ ಮಿಕ್ಕಿತು. ಹೊರಗಡೆ ಸ್ವಲ್ಪ ಗರಿ, ಮೇಲೆ ಬಿಳೀ ಸಕ್ಕರೆ ಹರಳು. ಸುರುಳಿ ಬಿಚ್ಚುತ್ತಾ ಒಳಗೆ ಹೋದಷ್ಟೂ ಮೆತ್ತಗೆ, ಬೆಣ್ಣೆ ಜಾಸ್ತಿ. ನಡುವಿನ ತುಂಡಿಗೆ ಇಬ್ಬರೂ ಕೈಹಾಕಿದೆವು. ದಾಲ್ಚಿನ್ನಿಗಿಂತ ಮೊದಲು ಮೂಗಿಗೆ ಬಂದದ್ದು ಏಲಕ್ಕಿ. ಸ್ವೀಡನ್ನಿನವರು ಬನ್ನಿನ ಹಿಟ್ಟಿಗೇ ಏಲಕ್ಕಿ ಪುಡಿ ಹಾಕಿ ನಾದುತ್ತಾರೆ. ಪಾಯಸದ ಘಮ ಇಲ್ಲಿ ಬನ್ನಿನಲ್ಲಿ! ಕಾಫಿ ಮಾತ್ರ ಕಪ್ಪು, ಗಡುಸು. ಹಾಲು ಪಕ್ಕದ ಜಗ್ಗಿನಲ್ಲಿತ್ತು, ತಣ್ಣಗೆ. ನೊರೆಹಾಲಿನ ಕಾಫಿ ಕುಡಿದು ಬೆಳೆದವರು ಇದನ್ನು ಮೆಚ್ಚುವುದು ಕಷ್ಟ. ಆದರೆ ಕಾಫಿಗೆ ಅಂತ ಕೂತವರನ್ನು ಯಾರೂ ಎಬ್ಬಿಸುವುದಿಲ್ಲ. ಫಿಕಾ ಎಂದು ಅವರು ಕರೆಯುವ ಈ ಕಾಫಿ ಕೂಟ ಅಂಥಾದ್ದು. ಪಕ್ಕದ ಟೇಬಲ್ಲಿನ ಇಬ್ಬರು ಅಜ್ಜಿಯರು ನಮಗಿಂತ ಮೊದಲೇ ಬಂದಿದ್ದರು, ನಾವು ಎದ್ದಾಗಲೂ ಮಾತಾಡುತ್ತಲೇ ಇದ್ದರು.

ಆಮೇಲೆ ದೋಣಿ. ಪಡ್ಡಾನ್ ಎಂಬ ಚಪ್ಪಟೆ ದೋಣಿಗಳು ಊರ ಕಾಲುವೆಗಳಲ್ಲಿ ಸುತ್ತಿಸಿ ಬಂದರಿನವರೆಗೂ ಕರೆದೊಯ್ಯುತ್ತವೆ. 1621ರಲ್ಲಿ ರಾಜ ಎರಡನೇ ಗುಸ್ತಾವ್ ಅಡಾಲ್ಫ್ ಈ ಊರನ್ನು ಸ್ಥಾಪಿಸಿದಾಗ ನೆಲವೆಲ್ಲ ಜೇಡಿ, ಜವುಗು. ಅಂಥ ನೆಲದಲ್ಲಿ ಊರು ಕಟ್ಟಿ ಗೊತ್ತಿದ್ದವರು ಡಚ್ಚರು. ಅವರನ್ನೇ ಕರೆಸಿ ಕಾಲುವೆ ತೋಡಿಸಿದ. ಈ ಇತಿಹಾಸವನ್ನು ಮೈಕಿನಲ್ಲಿ ಹೇಳುತ್ತಿದ್ದ ಹುಡುಗಿ ಇದ್ದಕ್ಕಿದ್ದಂತೆ ಎಲ್ಲರಿಗೂ ಬಗ್ಗಿ ಅಂದಳು. ಎದುರಿಗೆ ಒಂದು ತಗ್ಗು ಸೇತುವೆ. ಅದಕ್ಕೆ 'ಚೀಸ್ ಹೆರೆಯುವ ಸೇತುವೆ' ಎಂದೇ ಹೆಸರು. ತಲೆ ಎತ್ತಿದರೆ ಹೆರೆದೀತು ಅಂತ.

"ಅಕ್ಕ, ಬಗ್ಗು ಬಗ್ಗು! ನೆಲದಲ್ಲೇ ಕೂತುಬಿಡು ಮಾರಾಯ್ತಿ."

ಕೂತೆ. ಟೈ ಕಟ್ಟಿದ್ದ ಒಬ್ಬರು ದೊಡ್ಡ ಮನುಷ್ಯರೂ ಸೀಟಿನಿಂದ ಇಳಿದು ನೆಲದಲ್ಲಿ ಮುದುಡಿ ಕೂತರು. ಸೇತುವೆಯ ಅಡಿ ತಲೆಯ ಮೇಲೆಯೇ ಸರಿದುಹೋಯಿತು. ಕೈ ಎತ್ತಿದ್ದರೆ ತಾಗುತ್ತಿತ್ತು. ಆಚೆ ಬಂದದ್ದೇ ದೋಣಿಯಲ್ಲಿದ್ದವರೆಲ್ಲ ಚಪ್ಪಾಳೆ.

ದೊಡ್ಡ ಕಾಲುವೆಯ ದಡದಲ್ಲಿ ಹಳದಿ ಇಟ್ಟಿಗೆಯ ಉದ್ದನೆ ಕಟ್ಟಡ ಒಂದಿದೆ. ಈಗ ಅದು ನಗರ ಮ್ಯೂಸಿಯಂ, ಹಿಂದೆ ಸ್ವೀಡಿಷ್ ಈಸ್ಟ್ ಇಂಡಿಯಾ ಕಂಪನಿಯ ಕಚೇರಿ. ಹೌದು, ಇವರದ್ದೂ ಒಂದು ಇತ್ತು. 1731ರಲ್ಲಿ ಶುರುವಾಯಿತು. ಹೆಸರಿನಲ್ಲಿ ಇಂಡಿಯಾ ಇದ್ದರೂ ವ್ಯಾಪಾರ ಹೆಚ್ಚಾಗಿ ಚೀನಾದ ಕ್ಯಾಂಟನ್ ಜೊತೆ. ಚಹಾ, ಪಿಂಗಾಣಿ, ರೇಷ್ಮೆ. ಅವರ ಒಂದು ಹಡಗಿಗೆ ಊರಿನದೇ ಹೆಸರು. ಎರಡೂವರೆ ವರ್ಷದ ಪಯಣ ಮುಗಿಸಿ 1745ರ ಸೆಪ್ಟೆಂಬರಿನಲ್ಲಿ ಅದು ವಾಪಸು ಬಂತು. ಬಂದರಿನ ಬಾಯಲ್ಲೇ ನೀರೊಳಗಿನ ಬಂಡೆಗೆ ಬಡಿದು ಮುಳುಗಿತು. ಅಷ್ಟು ದೂರ ಸುತ್ತಿ ಬಂದು ಮನೆಯ ಹೊಸ್ತಿಲಲ್ಲಿ ಎಡವುವುದು ಅಂದ್ರೆ! ಆದರೆ ವ್ಯಾಪಾರಿಗಳು ವ್ಯಾಪಾರಿಗಳೇ. ನೀರಿನಿಂದ ಎತ್ತಿದಷ್ಟು ಸರಕನ್ನೇ ಹರಾಜು ಹಾಕಿ ಲಾಭ ಮಾಡಿಕೊಂಡರು.

ಹೊಟ್ಟೆ ಹಸಿದಿತ್ತು. ಕಾಲುವೆ ಪಕ್ಕದಲ್ಲಿ ಚರ್ಚಿನ ಹಾಗೇ ಕಾಣುವ ಮೀನು ಮಾರುಕಟ್ಟೆ ಇದೆ. 1874ರದ್ದು. ಚೂಪು ಛಾವಣಿ, ಕಮಾನಿನ ಕಿಟಕಿ, ಒಳಗೆ ಒಂದೂ ಕಂಬ ಇಲ್ಲ. ಊರವರು ಅದನ್ನು ಮೀನಿನ ಚರ್ಚು ಎಂದೇ ಕರೆಯುತ್ತಾರೆ. ಮಂಗಳೂರಿನ ದಕ್ಕೆಯ ಗದ್ದಲ ನೋಡಿದವಳಿಗೆ ಇಲ್ಲಿನ ಶಾಂತಿ ವಿಚಿತ್ರ ಅನಿಸಿತು. ಕೂಗುವವರಿಲ್ಲ, ಚೌಕಾಸಿ ಇಲ್ಲ, ವಾಸನೆಯೂ ಅಷ್ಟಕ್ಕಷ್ಟೇ.

ಸಿಗಡಿಯನ್ನು ಇವರು ಹಡಗಿನಲ್ಲೇ ಸಮುದ್ರದ ನೀರಿನಲ್ಲಿ ಬೇಯಿಸಿ ತರುತ್ತಾರೆ. ಸಿಪ್ಪೆ ಸಮೇತ ತಣ್ಣಗೆ ತೂಗಿ ಕೊಡುತ್ತಾರೆ, ಸುಲಿದು ತಿನ್ನುವುದು ನಮ್ಮ ಕೆಲಸ. ಅದಕ್ಕೆ ಕರಾವಳಿಯವರಿಗೆ ಪಾಠ ಬೇಕಿಲ್ಲ. ತಲೆ ತಿರುಚಿ ಎಳೆದು, ಕಾಲುಗಳ ಕಡೆಯಿಂದ ಚಿಪ್ಪು ಬಿಡಿಸಿದರೆ ಆಯಿತು. ಕೆಲವುದರ ಹೊಟ್ಟೆಯಡಿ ಮೊಟ್ಟೆ ಅಂಟಿಕೊಂಡಿತ್ತು. ತಣ್ಣೀರಿನ ಸಿಗಡಿ ಸಣ್ಣದು, ಆದರೆ ಎಂಥಾ ಸಿಹಿ! ಖಾರ ಹುಳಿ ಏನೂ ಇಲ್ಲದೆ ಸಿಗಡಿ ತಿನ್ನಬಹುದು ಅಂತ ಯಾರಾದರೂ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ. ರೈ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಮಯೊನೇಸ್, ಮೇಲೆ ಸಬ್ಬಸಿಗೆ ಸೊಪ್ಪು, ನಿಂಬೆಹೋಳು. ಅಷ್ಟೇ. ಸ್ವಲ್ಪ ಮನೆಗೆ ಕಟ್ಟಿಸಿಕೊಂಡು ಹೋಗಿ ಗೀರೋಸ್ಟ್ ಮಾಡೋಣ್ವಾ ಎಂದೆ.

"ಇದನ್ನ ಇನ್ನೊಮ್ಮೆ ಬೇಯಿಸಿದ್ರೆ ರಬ್ಬರ್ ಆಗ್ತದೆ ಅಕ್ಕ."

ಉಪ್ಪಿನಕಾಯಿ ಹಾಕಿದ ಹೆರಿಂಗ್ ಮೀನನ್ನೂ ರುಚಿ ನೋಡಿದೆ. ನಮ್ಮ ಬೂತಾಯಿಯ ದೂರದ ನೆಂಟ. ಸಕ್ಕರೆ, ವಿನೆಗರ್, ಸಾಸಿವೆ. ಮೀನಿಗೆ ಸಕ್ಕರೆ ಹಾಕುವುದನ್ನು ನಾನು ಕ್ಷಮಿಸಲಾರೆ.

ಗ್ರೀಕರ ಸಮುದ್ರದೇವತೆ ಪೊಸೈಡನ್ನನ ಪ್ರತಿಮೆ, ಅಂಗಡಿ ಬೀದಿ ಇವನ್ನೆಲ್ಲ ಟ್ರಾಮಿನ ಕಿಟಕಿಯಿಂದಲೇ ನೋಡಿದೆವು. ಹನ್ನೊಂದನೇ ನಂಬರಿನ ಟ್ರಾಮ್ ಕೊನೆಗೆ ಸಾಲ್ಟ್‌ಹೋಲ್ಮೆನ್ ಎಂಬಲ್ಲಿ ಸಮುದ್ರದ ಪಕ್ಕವೇ ನಿಲ್ಲುತ್ತದೆ. ಅಲ್ಲಿಂದ ದ್ವೀಪಗಳಿಗೆ ಫೆರಿ. ಟ್ರಾಮಿನ ಟಿಕೇಟೇ ಫೆರಿಗೂ ನಡೆಯುತ್ತದೆ. ಇದು ನನಗೆ ಬಹಳ ಇಷ್ಟವಾದ ವ್ಯವಸ್ಥೆ.

ಸ್ಟಿರ್ಸೋ ದ್ವೀಪದಲ್ಲಿ ಇಳಿದೆವು. ಕಾರುಗಳ ಊರಿನ ಪಕ್ಕದಲ್ಲೇ ಇರುವ ಈ ದ್ವೀಪಗಳಲ್ಲಿ ಕಾರಿಲ್ಲ! ಸಾಮಾನು ಸಾಗಿಸಲು ಮುಂದೆ ಪೆಟ್ಟಿಗೆ ಇರುವ ಮೂರು ಚಕ್ರದ ಮೊಪೆಡ್. ಒಬ್ಬಾತ ಆ ಪೆಟ್ಟಿಗೆಯಲ್ಲಿ ದಿನಸಿ ಚೀಲಗಳ ಮಧ್ಯೆ ಹೆಂಡತಿಯನ್ನೂ ಕೂರಿಸಿಕೊಂಡು ಹೋದ. ಆಕೆ ನಮಗೆ ಕೈಬೀಸಿದಳು. ನಾವು ನುಣುಪಾದ ಬಂಡೆಯ ಮೇಲೆ ಕಾಲು ಚಾಚಿ ಕೂತೆವು. ನೀರಿಗೆ ಕಾಲಿಟ್ಟು ನೋಡಿದೆ. ಐಸು. ಅಲ್ಲೇ ಮಕ್ಕಳು ಧುಮುಕುತ್ತಿದ್ದವು.

ವಾಪಸು ಬರುವಾಗ ತಂಗಿ ಕೇಳಿದಳು, "ನಾಳೆ ಮ್ಯೂಸಿಯಂ ನೋಡೋಣ್ವಾ?" ಮಳೆ ಬಂದರೆ ನೋಡೋಣ ಎಂದೆ. ಇಲ್ಲಿ ಮಳೆಗೇನೂ ಬರಗಾಲ ಇಲ್ಲವಂತೆ. ಭಾನುವಾರ ಮಳೆ ಬಂದೇ ಬಂತು. ಜನ ಕೊಡೆ ಬಿಚ್ಚಿ ಮುಖ ಗಂಟುಹಾಕಿಕೊಂಡು ನಡೆಯುತ್ತಿದ್ದರು. ಜೂನ್ ತಿಂಗಳಲ್ಲಿ ಮಂಗಳೂರಿನಿಂದ ಹೊರಟು ಬಂದವಳಿಗೆ ಅದನ್ನು ಮಳೆ ಅನ್ನೋಕೇ ಮನಸ್ಸು ಬರಲಿಲ್ಲ.