ಎಣಿಸಿದರೆ 28

ನಾನು ಬೆಳಗ್ಗೆ ಓಟ್ಸ್ ಗಂಜಿ ಕುಡಿಯುವುದು ಇಷ್ಟಪಟ್ಟಲ್ಲ, ಶುಗರ್ ಬಂದಿದೆ ಅಂತ. ಆದರೆ ಇದರ ಹುಟ್ಟಿನ ಕಥೆ ಓದಲು ಕೂತು ಅರ್ಧ ಭಾನುವಾರ ಕಳೆದುಬಿಟ್ಟೆ.

ನಾವು ತಿನ್ನುವ ಓಟ್ಸ್‌ನಲ್ಲಿ 42 ಕ್ರೋಮೋಸೋಮ್, ಅಂದರೆ ಜೀವಕೋಶದೊಳಗೆ ಡಿಎನ್‌ಎ ಹೊತ್ತ ಎಳೆಗಳು. ಎ, ಸಿ, ಡಿ ಅಂತ ಮೂರು ಜೀನೋಮ್, ಅಂದರೆ ಮೂರು ಹುಲ್ಲುಗಳ ವಂಶದ ಆಸ್ತಿ ಒಂದೇ ಮನೆಯಲ್ಲಿ. 28 ಕ್ರೋಮೋಸೋಮಿನ ಒಂದು ಕಾಡು ಹುಲ್ಲು 14ರ ಇನ್ನೊಂದರ ಜೊತೆ ಬೆರೆತು ಇದು ಹುಟ್ಟಿದ್ದು. ಆ 28ರದ್ದು ಯಾವುದು? ಮೊರಾಕೊದ್ದೊಂದು, ಸ್ಪೇನಿನದ್ದೊಂದು ಲೆಕ್ಕದಲ್ಲಿದ್ದವು, ಎರಡೂ ಅಷ್ಟು ಸರಿಹೊಂದುತ್ತಿರಲಿಲ್ಲ.

1998ರಲ್ಲಿ ಇಸ್ರೇಲಿನ ಸಸ್ಯವಿಜ್ಞಾನಿ ಗಿಡಿಯನ್ ಲಾಡಿಜಿನ್ಸ್ಕಿ ಮೂರನೆಯದೊಂದನ್ನು ಪ್ರಕಟಿಸಿದರು: ಅವೆನಾ ಇನ್ಸುಲಾರಿಸ್, ಸಿಸಿಲಿ ದ್ವೀಪದ ದಕ್ಷಿಣದಲ್ಲಿ ಗೇಲಾ ಊರಿನ ಸುತ್ತ, ಉಳುಮೆ ಕಾಣದ ಜೇಡಿಮಣ್ಣಿನಲ್ಲಿ ಬೆಳೆಯುವ ಹುಲ್ಲು. ಮಜಾ ಏನಂದರೆ ಅದು ನೋಡಲು ಥೇಟ್ ಸ್ಟೆರಿಲಿಸ್ ಅನ್ನೋ ಕಳೆಯ ಹಾಗೇ. ಹಣ್ಣಾದಾಗ ಎರಡಕ್ಕೂ ಇಡೀ ಕಿರುತೆನೆಯೇ ಒಟ್ಟಿಗೆ ಉದುರುತ್ತದೆ, ಅದರ ಮೇಲಿನ ಮುಳ್ಳುಗೂದಲಿನಂಥ ಸುಂಕು ಒದ್ದೆಯಾದರೆ ಬಿಚ್ಚಿಕೊಂಡು ಒಣಗಿದರೆ ಮತ್ತೆ ತಿರುಚಿಕೊಂಡು ಬೀಜವನ್ನು ಮಣ್ಣಿಗೆ ತಿವಿಯುತ್ತದೆ. ರಸ್ತೆ ಪಕ್ಕದಲ್ಲಿ ಕಂಡರೆ ಯಾರು ತಾನೇ ನಿಂತು ನೋಡ್ತಾರೆ, ಅಲ್ವಾ? ಆದರೆ ಕಳೆಯದು 42, ಇದರದ್ದು 28. ಮೊಳಕೆಯ ಬೇರಿನ ತುದಿಗೆ ಬಣ್ಣ ಹಾಕಿ, ಗಾಜಿನ ನಡುವೆ ಅಮುಕಿ, ಸೂಕ್ಷ್ಮದರ್ಶಕದಲ್ಲಿ ಎಣಿಸುವ ಹಳೇ ಕೆಲಸ ಇದೆಯಲ್ಲ, ಅದರ ಮುಂದೆ ವೇಷ ನಡೆಯೋದಿಲ್ಲ.

ಅಲ್ಲಿಗೂ ಮುಗಿಯಲಿಲ್ಲ. ಈ ಹುಲ್ಲಿನಲ್ಲಿರುವುದು ಎ ಮತ್ತು ಸಿ ಅಂತಲೇ ಬಹಳ ವರ್ಷ ಬರೆದುಕೊಂಡು ಬಂದರು. ಎ, ಡಿ ಎರಡೂ ಅಷ್ಟು ಹೋಲುತ್ತವೆ, ಅವಳಿ ಮಕ್ಕಳಲ್ಲಿ ಯಾರು ಯಾರು ಅಂತ ಮೇಷ್ಟ್ರಿಗೆ ಗೊತ್ತಾಗದ ಹಾಗೆ. 2016ರಲ್ಲಿ ಸಾವಿರಾರು ಡಿಎನ್‌ಎ ಗುರುತುಗಳನ್ನು ಹೋಲಿಸಿ ನೋಡಿದಾಗ ಅದು ಸಿ ಮತ್ತು ಡಿ ಅಂತ ಗೊತ್ತಾಯಿತು. 2022ರಲ್ಲಿ ಇಡೀ ಜೀನೋಮನ್ನೇ ಓದಿದಾಗಲೂ ಅದೇ ಉತ್ತರ.

ಇನ್ಸುಲಾರಿಸ್ ಅಂದರೆ ದ್ವೀಪದ್ದು. ಆಮೇಲೆ ಟ್ಯುನೀಶಿಯಾದಲ್ಲೂ ಸಿಕ್ಕಿತು ಬಿಡಿ, ಹೆಸರು ಹಾಗೇ ಉಳಿಯಿತು.

ನಮ್ಮ ರಾಗಿಯದ್ದೂ ಸುಮಾರು ಇದೇ ಕಥೆ. 36 ಕ್ರೋಮೋಸೋಮ್, ಎರಡು ಜೀನೋಮ್. ಒಂದು ಬಂದ ಕಡೆ ಗೊತ್ತು, ರಾಗಿ ಹೊಲದಲ್ಲೇ ಬೆಳೆದು ಕಳೆ ಕೀಳುವವರನ್ನು ಏಮಾರಿಸುತ್ತದಲ್ಲ, ಆ ಹುಲ್ಲು. ಇನ್ನೊಂದು ಕೊಟ್ಟ ಗಿಡ ಇನ್ನೂ ಪತ್ತೆ ಇಲ್ಲ.